ಊರಿನ ಹತ್ತಿರದ ಕಾಲೇಜಲ್ಲೇ ಬಿಎಸ್ಸಿ: ಸೇರಬೇಕಾ, ಬೇಡ್ವಾ?

ಪಿಯುಸಿ ರಿಸಲ್ಟ್ ಬಂದ ವಾರ ಎಷ್ಟೋ ಮನೆಗಳಲ್ಲಿ ಇದೇ ಮಾತು. ನೀಟ್‌ನಲ್ಲಿ ರ‍್ಯಾಂಕ್ ಬರಲಿಲ್ಲ, ಸಿಇಟಿಯಲ್ಲಿ ಸಿಕ್ಕ ಎಂಜಿನಿಯರಿಂಗ್ ಸೀಟಿಗೆ ದುಡ್ಡು ಹೊಂದುತ್ತಿಲ್ಲ. ಹಾಗಾದರೆ ಕುವೆಂಪು, ದಾವಣಗೆರೆ, ತುಮಕೂರು, ಮಂಗಳೂರು, ಹೀಗೆ ಹತ್ತಿರದ ಯಾವುದಾದರೂ ವಿಶ್ವವಿದ್ಯಾಲಯದ ಡಿಗ್ರಿ ಕಾಲೇಜಲ್ಲಿ ಬಿಎಸ್ಸಿಗೆ ಸೇರಬಹುದಾ? ಎರಡೂ ಕಡೆಯ ವಾದ ನಾನೇ ಮಾಡುತ್ತೇನೆ. 2021ರಿಂದ 24ರವರೆಗೆ ಮಲೆನಾಡಿನ ಒಂದು ಕಾಲೇಜಲ್ಲಿ ಫಿಸಿಕ್ಸ್-ಕೆಮಿಸ್ಟ್ರಿ ಓದಿದವನು ನಾನು. ಸಿಹಿ ಕಹಿ ಎರಡೂ ಉಂಡಿದ್ದೇನೆ.

ಪರ

ಮೊದಲು ದುಡ್ಡಿನ ವಿಷಯ ಮುಗಿಸೋಣ. ಸರ್ಕಾರಿ ಕಾಲೇಜಿನ ಒಂದು ವರ್ಷದ ಫೀಸು ಹೆಚ್ಚೂಕಮ್ಮಿ ಬೆಂಗಳೂರಿನ ಪಿಜಿಯ ಒಂದು ತಿಂಗಳ ಬಾಡಿಗೆಯಷ್ಟು. ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕವೇ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಸರ್ಕಾರಿ ಬಸ್ಸಿನ ಚಾರ್ಜೂ ಇಲ್ಲ. ಸಾಲ ಮಾಡದೆ ಸೈನ್ಸ್ ಓದಲು ಇದಕ್ಕಿಂತ ಸುಲಭದ ದಾರಿ ನನಗಂತೂ ಗೊತ್ತಿಲ್ಲ.

ಆದರೆ ಅಗ್ಗ ಅನ್ನೋದೇ ನನ್ನ ಮುಖ್ಯ ಕಾರಣ ಅಲ್ಲ. ಪಿಯುಸಿಯಲ್ಲಿ ನಾವು ಓದಿದ್ದು ಸೈನ್ಸ್ ಅಲ್ಲ, ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುರುತು ಹಾಕುವ ಕಲೆ. ಬಿಎಸ್ಸಿಗೆ ಬಂದ ಮೇಲೆ ನನ್ನ ಕೈಗೆ ನಿಜವಾಗಿ ಬ್ಯುರೆಟ್, ಅಂದರೆ ಕೆಳಗೆ ನಲ್ಲಿ ಇರುವ ಅಳತೆಯ ಗಾಜಿನ ಕೊಳವೆ, ಬಂತು. ಹನಿ ಹನಿಯಾಗಿ ಬಿಡುತ್ತಾ, ಇನ್ನೊಂದು ಕೈಯಲ್ಲಿ ಫ್ಲಾಸ್ಕ್ ತಿರುಗಿಸುತ್ತಾ ನಿಂತಿರುವಾಗ ಒಂದೇ ಒಂದು ಹನಿಗೆ ಫೀನಾಫ್ತಲೀನ್ ಅನ್ನೋ ಸೂಚಕ ತಿಳಿ ಗುಲಾಬಿಗೆ ತಿರುಗುತ್ತದಲ್ಲ, ಅದನ್ನು ಯಾವ ಯೂಟ್ಯೂಬ್ ವಿಡಿಯೋನೂ ಕಲಿಸುವುದಿಲ್ಲ. ಬಣ್ಣ ಗಾಢವಾದರೆ ಹನಿ ಜಾಸ್ತಿ ಬಿತ್ತು ಅಂತ ಅರ್ಥ. ನಮ್ಮ ಮೇಷ್ಟ್ರು ಅಂಥ ಫ್ಲಾಸ್ಕ್ ನೋಡಿದರೆ ‘ಏನಪ್ಪಾ, ಶರಬತ್ತು ಮಾಡಿದ್ದೀಯಾ?’ ಅನ್ನುತ್ತಿದ್ದರು. ಬಾಟನಿ-ಝೂವಾಲಜಿ ಗೆಳೆಯರಿಗೆ ಆಗುಂಬೆ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರ. ಕಾಲಿಗೆ ಹತ್ತಿದ ಇಂಬಳದಲ್ಲೇ ಅವರ ಅನೆಲಿಡಾ (ಎರೆಹುಳು, ಜಿಗಣೆಗಳ ವರ್ಗ) ಪಾಠ ಶುರು.

ಮುಂದೇನು ಅಂತ ಕೇಳುವವರಿಗೆ: ಐಐಟಿಗಳಲ್ಲಿ ಎಂಎಸ್ಸಿ ಮಾಡಲು ಜಾಮ್ ಪರೀಕ್ಷೆ ಇದೆ. ಬೆಂಗಳೂರಿನ ಐಐಎಸ್ಸಿಯಲ್ಲಿ ಬಿಎಸ್ಸಿ ಆದವರು ನೇರ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೇರಲೂ ಅದೇ ಅಂಕ ನೋಡುತ್ತಾರೆ. ಅಲ್ಲಿ ದೆಹಲಿಯ ದೊಡ್ಡ ಕಾಲೇಜಿನವರಿಗೆ ಕೊಡುವ ಪ್ರಶ್ನೆಪತ್ರಿಕೆಯನ್ನೇ ನಮಗೂ ಕೊಡುತ್ತಾರೆ. ವಿಜ್ಞಾನ ಅಕಾಡೆಮಿಗಳು ಕೊಡುವ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ ಆಯ್ಕೆಯಾದರೆ ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೆಲಸ ಮಾಡಬಹುದು. ನಮ್ಮ ಕ್ಲಾಸಿನಲ್ಲಿ ಹಾಗೊಂದು ಇದೆ ಅಂತ ಗೊತ್ತಿದ್ದವರೇ ಇಬ್ಬರು. ಭಾರತರತ್ನ ಪಡೆದ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ 1951ರಲ್ಲಿ ಬಿಎಸ್ಸಿ ಮಾಡಿದ್ದು ಮೈಸೂರು ವಿ.ವಿ.ಯಲ್ಲಿ. ಇಸ್ರೋ ಅಧ್ಯಕ್ಷರಾಗಿದ್ದ ಉಡುಪಿ ಕಡೆಯ ಯು.ಆರ್. ರಾವ್ ಓದಿದ್ದು ಅನಂತಪುರದ ಸರ್ಕಾರಿ ಕಾಲೇಜಲ್ಲಿ. ಆ ಕಾಲವೇ ಬೇರೆ ಅನ್ನುತ್ತೀರಾ? ಒಪ್ಪಿದೆ. ಆದರೂ ‘ಸೀಟು ಸಿಗ್ಲಿಲ್ವೇನೋ, ಪಾಪ’ ಅನ್ನುವ ನೆಂಟರಿಗೆ ಹೇಳಲು ಎರಡು ಹೆಸರು ಜೇಬಿನಲ್ಲಿರಲಿ.

ವಿರೋಧ

ಸೋಡಿಯಂ ಬೆಳಕಿನ ತರಂಗಾಂತರ 5893 ಆಂಗ್‌ಸ್ಟ್ರಾಮ್. ನಮ್ಮ ಕ್ಲಾಸಿನಲ್ಲಿ ಇದು ಎಲ್ಲರಿಗೂ ಬಾಯಿಪಾಠ, ಯಾಕಂದ್ರೆ ಪ್ರಯೋಗ ಮಾಡದೆಯೇ ಈ ಉತ್ತರ ಬರುವ ಹಾಗೆ ರೀಡಿಂಗ್ ಬರೆಯುವುದನ್ನು ಎಲ್ಲರೂ ಕಲಿತಿದ್ದೆವು. ಬ್ಯಾಚಿನಲ್ಲಿ 20 ಜನ, ಈ ತರಂಗಾಂತರ ಅಳೆಯಲು ಬೇಕಾದ ಸ್ಪೆಕ್ಟ್ರೋಮೀಟರ್ ಸರಿ ಇದ್ದದ್ದು 2. ಸರದಿ ಬರದವರು ಕ್ಯಾಲ್ಕುಲೇಟರ್ ಹಿಡಿದು ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಕೋನ ಹುಟ್ಟಿಸುತ್ತಿದ್ದರು. ಇನ್ನೂ ಜಾಣರು, 5893 ಬಂದರೆ ಅನುಮಾನ ಬರುತ್ತೆ ಅಂತ 5887 ಬರೆಯುತ್ತಿದ್ದರು. ರೆಕಾರ್ಡಿಗೆ ಸಹಿ ಬಿತ್ತು. ಬ್ಯುರೆಟ್ ಹಿಡಿದ ಖುಷಿ ಮೇಲೆ ಹೇಳಿದೆನಲ್ಲ, ಅದು ಕೆಮಿಸ್ಟ್ರಿಯಲ್ಲಿ ಒಬ್ಬ ಒಳ್ಳೆಯ ಮೇಷ್ಟ್ರು ಇದ್ದದ್ದಕ್ಕೆ.

ಅವರೂ ಅತಿಥಿ ಉಪನ್ಯಾಸಕರೇ. 2023ರ ಕೊನೆಯಲ್ಲಿ ಸೇವಾ ಭದ್ರತೆ ಕೇಳಿ ರಾಜ್ಯದಾದ್ಯಂತ ಅತಿಥಿ ಉಪನ್ಯಾಸಕರು ಮುಷ್ಕರಕ್ಕೆ ಕೂತರು. ಅವರ ಬೇಡಿಕೆ ನ್ಯಾಯವಾದದ್ದೇ, ಆದರೆ ನಮ್ಮ ಐದನೇ ಸೆಮಿಸ್ಟರ್ ಪಾಠ ಅಲ್ಲಿಗೇ ನಿಂತಿತು. ಆಮೇಲೆ ಹಳೇ ಪ್ರಶ್ನೆಪತ್ರಿಕೆ ತಿರುವಿ ಪಾಸಾದೆವು.

ನಿಯಮಗಳ ಗೋಳು ಬೇರೆ. ನಾವು ಸೇರಿದಾಗ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ), ನಾಲ್ಕು ವರ್ಷದ ಆನರ್ಸ್ ಅಂದರು. 2024ರಲ್ಲಿ ಸೇರಿದವರಿಗೆ ಮತ್ತೆ ಮೂರು ವರ್ಷದ ಡಿಗ್ರಿ. 2025ರ ಫೆಬ್ರವರಿಯಲ್ಲಿ ಹೊಸ ವಿ.ವಿ.ಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತೂ ಬಂತು. ತಾನು ಓದುತ್ತಿರುವ ಯೂನಿವರ್ಸಿಟಿಯೇ ಇರುತ್ತೋ ಇಲ್ವೋ ಅಂತ ಹುಡುಗರು ಚರ್ಚೆ ಮಾಡುವ ಸ್ಥಿತಿ. ಇಷ್ಟೆಲ್ಲಾ ಆದ ಮೇಲೂ ಬರೀ ಬಿಎಸ್ಸಿಗೆ ಬೆಲೆ ಕಡಿಮೆ. ಹೈಸ್ಕೂಲ್ ಮೇಷ್ಟ್ರಾಗಲು ಬಿಎಡ್ ಬೇಕು, ಪಿಯು ಕಾಲೇಜಿಗೆ ಎಂಎಸ್ಸಿ ಜೊತೆ ಬಿಎಡ್ ಬೇಕು. ಮೂರು, ಎರಡು, ಎರಡು: 7 ವರ್ಷ.

ಆ 7 ನನಗೆ 8 ಆಗುತ್ತದೆ. ಕೊನೆಯ ವರ್ಷ ಸ್ನಾತಕೋತ್ತರ ಸೀಟಿಗಾಗಿ ನಡೆಯುವ ಸಿಯುಇಟಿ ಪಿಜಿ ಪ್ರವೇಶ ಪರೀಕ್ಷೆ ಬರೆದು ಹೊರರಾಜ್ಯದ ಒಂದು ವಿ.ವಿ.ಯಲ್ಲಿ ಎಂಎಸ್ಸಿ ಸೀಟು ಗಿಟ್ಟಿಸಿದ್ದೆ. ಆರನೇ ಸೆಮಿಸ್ಟರ್ ಅಂಕಪಟ್ಟಿ ಕೊಡಲು ಒಂದು ಗಡುವು ಇತ್ತು. ನಮ್ಮ ರಿಸಲ್ಟ್ ಮಾತ್ರ ಇಲ್ಲ. ಪರೀಕ್ಷಾ ವಿಭಾಗಕ್ಕೆ ಮೂರು ಸಲ ಬಸ್ ಹತ್ತಿ ಹೋದೆ. ಮೂರು ಸಲವೂ ‘ಮುಂದಿನ ವಾರ ಬನ್ನಿ’. ಕೊನೆಗೆ ರಿಸಲ್ಟ್ ಬಂದಾಗ ಗಡುವು ಮುಗಿದು 20 ದಿನ ಆಗಿತ್ತು. ಸೀಟು ಹೋಯಿತು. ಆ ಸಲ ಅಡಿಕೆ ಸುಲಿಯಲು ಮನೆಗೆ ಒಬ್ಬ ಆಳು ಜಾಸ್ತಿ ಸಿಕ್ಕ, ಅಷ್ಟೇ. ಮರುವರ್ಷ ಮತ್ತೆ ಬರೆದು ಈಗ ಎಂಎಸ್ಸಿ ಮಾಡುತ್ತಿದ್ದೇನೆ. ಇಲ್ಲಿ ಪಾಠದಲ್ಲಿ ನಾನೇನೂ ಹಿಂದೆ ಬಿದ್ದಿಲ್ಲ. ಹಿಂದೆ ಬಿದ್ದದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಅದಕ್ಕೇ ಸಿಟ್ಟು ಇನ್ನೂ ಇಳಿದಿಲ್ಲ.

ತಂಗಿ ಈ ಸಲ ಸೆಕೆಂಡ್ ಪಿಯು ಮುಗಿಸಿದಳು. ಅವಳಿಗೂ ಬಿಎಸ್ಸಿ ಆಸೆ. ಅರ್ಜಿ ತುಂಬುವ ಮೊದಲು ಕಾಲೇಜಿಗೆ ಹೋಗಿ ಎರಡೇ ಪ್ರಶ್ನೆ ಕೇಳಿ ಬಾ ಅಂದೆ: ಲ್ಯಾಬಲ್ಲಿ ಒಂದು ಬ್ಯಾಚಿಗೆ ಎಷ್ಟು ಜನ, ಹೋದ ವರ್ಷ ಆರನೇ ಸೆಮಿಸ್ಟರ್ ರಿಸಲ್ಟ್ ಬಂದದ್ದು ಯಾವಾಗ. ಹೋಗಿ ಬಂದಳು. ಬ್ಯಾಚಿಗೆ 15 ಜನ ಅಂತೆ, ಪರವಾಗಿಲ್ಲ. ರಿಸಲ್ಟ್ ಸೆಪ್ಟೆಂಬರಿಗೆ ಬಂತಂತೆ. ಒಬ್ಬಳದ್ದು ಮಾತ್ರ ಇವತ್ತಿಗೂ ‘ವಿತ್‌ಹೆಲ್ಡ್’ (ತಡೆಹಿಡಿದಿದೆ) ಅಂತಲೇ ತೋರಿಸುತ್ತಿದೆಯಂತೆ.