ಸರ್ಕಾರಿ ಎಂಬಿಎ ಮತ್ತ ನಮ್ಮವ್ವನ ವಹಿ

ಮೊನ್ನೆ ತಿಕೋಟಾದಿಂದ ಕಾಕಾನ ಮಗಳು ಫೋನ್ ಮಾಡಿದ್ಲು. ಎಂಬಿಎ ಸೀಟಿಗೆ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರದಾಳ, ರ‍್ಯಾಂಕ್ ಛಲೋ ಬಂದೈತಿ, ಇನ್ನ ಕಾಲೇಜು ಆರಿಸ್ಬೇಕು. "ಅಣ್ಣಾ, ಸರ್ಕಾರಿ ಯೂನಿವರ್ಸಿಟ್ಯಾಗ ಎಂಬಿಎ ಮಾಡಿದ್ರ ಕಿಮ್ಮತ್ತಿಲ್ಲ ಅಂತಾರಲ್ಲ, ಖರೇ ಏನು?" ಅಂದ್ಲು. ಮಾಡು ಅಂದೆ. ಆದ್ರ ಫೋನ್ ಇಟ್ಟ ಮ್ಯಾಲೆ ಮನಸಿಗೆ ಸಮಾಧಾನ ಆಗ್ಲಿಲ್ಲ, ಅದಕ್ಕ ಇಲ್ಲಿ ಬರೀಲಿಕ್ಕತ್ತೀನಿ.

ನಾನೂ ಒಂದು ಸರ್ಕಾರಿ ಯೂನಿವರ್ಸಿಟ್ಯಾಗ ಎಂಬಿಎ ಮಾಡ್ದಾವ. ಹೆಸರು ಬ್ಯಾಡ. ಕಡೀ ಸೆಮಿಸ್ಟರಿಗೆ ಪ್ರಾಜೆಕ್ಟ್ ಮಾಡ್ಬೇಕಿತ್ತು, ನಂಗ ಕೊಟ್ಟಿದ್ದು ಒಂದು ಬೈಕ್ ಶೋರೂಮಿನ ಗಿರಾಕಿಗಳ ಸಮಾಧಾನದ ಬಗ್ಗೆ ಸರ್ವೆ. ನೂರು ಫಾರ್ಮ್ ಪ್ರಿಂಟ್ ತಗಿಸಿದ್ವಿ, ಅರ್ಧಕ್ಕರ್ಧ ಹಾಸ್ಟೆಲ್ ರೂಮಿನ್ಯಾಗ ಕುಂತು ನಾವ ತುಂಬಿದ್ವಿ, ಒಬ್ಬ ನೀಲಿ ಪೆನ್ನು ಒಬ್ಬ ಕರಿ ಪೆನ್ನು ಹಿಡದು. ವೈವಾದಾಗ ಹೊರಗಿಂದ ಬಂದ ಸರ್ 'ಕೈ-ಸ್ಕ್ವೇರ್' ಅನ್ನೋ ಸಂಖ್ಯಾಶಾಸ್ತ್ರದ ಟೆಸ್ಟ್ ಯಾಕ ಹಾಕೀರಿ ಅಂತ ಕೇಳಿದ್ರು, ಬಾಯಿಪಾಠ ಮಾಡಿದ್ದು ಹೇಳಿದೆ, ಐದು ನಿಮಿಷಕ್ಕ ಮುಗೀತು.

ಅದ ವಾರ ನಮ್ಮಪ್ಪ ನಮ್ಮ ಶೆಡ್ಡಿನ್ಯಾಗ ಒಣಗಿಸಿದ ಒಣದ್ರಾಕ್ಷಿ ತಗೊಂಡು ಮಹಾರಾಷ್ಟ್ರದ ತಾಸಗಾಂವ ಮಾರ್ಕೆಟ್ಟಿಗೆ ಹೋಗಿದ್ದ. ಸೊಸೈಟಿ ಸಾಲದ ಕಂತು ತಲಿ ಮ್ಯಾಲಿತ್ತು, ಕೇಳಿದ ರೇಟಿಗೆ ಕೊಟ್ಟು ಬಂದ. ಎರಡು ತಿಂಗಳಿಗೆ ರೇಟ್ ಏರ್ತು. ಮಾಲು ಎಷ್ಟು ದಿನ ಹಿಡದಿಡ್ಬೇಕು ಅಂತ ಕಲಿಸೋ ಇನ್ವೆಂಟರಿ ಮ್ಯಾನೇಜ್‌ಮೆಂಟ್ ಪೇಪರಿನ್ಯಾಗ ನಂಗ ಫಸ್ಟ್ ಕ್ಲಾಸ್ ಇತ್ತು, ಆದ್ರ ಕೋಲ್ಡ್ ಸ್ಟೋರೇಜ್ ಬಾಡಿಗಿ ಎಷ್ಟು, ಸಾಲದ ಬಡ್ಡಿ ಎಷ್ಟು, ಎಷ್ಟು ದಿನ ಹಿಡದ್ರ ಗಿಟ್ಟತೈತಿ ಅನ್ನೋ ಲೆಕ್ಕ ನಮ್ಮಪ್ಪಗ ಮಾಡಿಕೊಡ್ಬೇಕು ಅಂತ ನನ್ನ ತಲಿಗೆ ಹೊಳೀಲೇ ಇಲ್ಲ. ನಾ ಕಲ್ತ ವಿದ್ಯಾಕ್ಕೂ ಮನಿ ಶೆಡ್ಡಿಗೂ ಸಂಬಂಧ ಐತಿ ಅಂತ ನಂಗ ಯಾರೂ ಹೇಳಿರ್ಲಿಲ್ಲ.

ಆ ಸಂಬಂಧ ಎಷ್ಟು ದೊಡ್ಡದೈತಿ ನೋಡ್ರಿ. ನಾಕ್ ಕಿಲೋ ಹಸಿ ದ್ರಾಕ್ಷಿ ಒಣಗಿದ್ರ ಹತ್ತತ್ರ ಒಂದು ಕಿಲೋ ಮನೂಕ, ಅಂದ್ರ ಒಣದ್ರಾಕ್ಷಿ. ಗೊನಿ ಕೊಯ್ದು, ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತ ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನ್ಯಾಗ ಅದ್ದಿ, ಶೆಡ್ಡಿನ ಬಲಿ ಮ್ಯಾಲೆ ಹರವಿದ್ರ ಸುಮಾರು ಹದಿನೈದು ದಿನ. ಆ ಹದಿನೈದು ದಿನದಾಗ ಒಂದು ಅಕಾಲ ಮಳಿ ಬಿತ್ತಂದ್ರ ಕಾಳು ಕರಿ ತಿರಗತೈತಿ, ರೇಟ್ ಬಿತ್ತು. ಆಮ್ಯಾಲೆ ಬಣ್ಣ ನೋಡಿ, ಗಾತ್ರ ನೋಡಿ ಗ್ರೇಡಿಂಗ್, 15 ಕಿಲೋ ಬಾಕ್ಸು, ಕೋಲ್ಡ್ ಸ್ಟೋರೇಜು, ದಲಾಲಿ, ಹಮಾಲಿ, ಲಾರಿ ಬಾಡಿಗಿ. ಆಪರೇಷನ್ಸು, ಕಾಸ್ಟಿಂಗು, ರಿಸ್ಕು, ಮಾರ್ಕೆಟಿಂಗು ಎಲ್ಲಾ ಒಂದ ಶೆಡ್ಡಿನ್ಯಾಗ ಐತಿ. ನಮ್ಮವ್ವ ಒಂದು ವಹಿ, ಅಂದ್ರ ಲೆಕ್ಕದ ಪುಸ್ತಕ ಇಟ್ಟಾಳ. ಏಳನೇತ್ತಾ ಕಲ್ತಾಕಿ. ಯಾವ ದಿನ ಎಷ್ಟು ಹೆಣ್ಣಾಳು ಬಂದ್ರು, ಯಾವ ಅಂಕಣದ್ದು ಯಾವತ್ತು ಉದುರಿಸಿದ್ರು, ಎಷ್ಟು ಬಾಕ್ಸ್ ಆತು, ಎಷ್ಟು ಕರಿ ಕಾಳು ತಗದ್ರು, ಎಲ್ಲಾ ಬರದಾಳ, ಹಾಳಿಗೆ ಸಕ್ಕರಿ ಪಾಕ ಅಂಟಿದಂಗ ಅಂಟಿರತೈತಿ. ನಂಗ ಕಾಸ್ಟ್ ಶೀಟ್ (ಮಾಲಿಗೆ ಬಿದ್ದ ಖರ್ಚಿನ ಪಟ್ಟಿ) ಅಂದ್ರೇನು ಅಂತ ಖರೇ ತಿಳದದ್ದು ಡಿಗ್ರಿ ಮುಗದು ಮೂರು ವರ್ಷದ ಮ್ಯಾಲೆ, ಆ ವಹಿ ಓದಿದಾಗ.

2024ರ ಡಿಸೆಂಬರಿನ್ಯಾಗ ಜೈಸಲ್ಮೇರ್‌ದಾಗ ಜಿಎಸ್‌ಟಿ ಕೌನ್ಸಿಲ್ ಕೂಡಿ, ರೈತ ಮಾರೋ ಒಣದ್ರಾಕ್ಷಿಗೆ ಜಿಎಸ್‌ಟಿ ಬರೂದಿಲ್ಲ ಅಂತ ಸ್ಪಷ್ಟ ಮಾಡ್ತು. ನಮ್ಮ ಓಣ್ಯಾಗ ಎಷ್ಟ ಮಂದಿಗೆ ಗೊತ್ತೈತಿ? ಟ್ಯಾಕ್ಸ್ ಪೇಪರ್ ಓದೋ ಹುಡುಗ್ರು ಒಂದು ದಿನ ಊರಿಗೆ ಬಂದು ಕನ್ನಡದಾಗ ಹೇಳಿದ್ರ ಸಾಕಿತ್ತು.

ಬರೇ ದ್ರಾಕ್ಷಿ ಅಲ್ಲ. 2025ರ ನವೆಂಬರಿನ್ಯಾಗ ಬೆಳಗಾವಿ ಜಿಲ್ಲೆ ಗುರ್ಲಾಪುರ ಕ್ರಾಸಿನ್ಯಾಗ ಕಬ್ಬಿನ ರೈತರು ಟನ್ನಿಗೆ 3500 ಕೊಡ್ರಿ ಅಂತ ರಸ್ತೆದಾಗ ಕುಂತಾಗ, ಕಡೀಕ ಸರ್ಕಾರ 3300 ಅಂದಾಗ, ಅದು ಸುದ್ದಿ ಅಷ್ಟ ಅಲ್ಲ, ಒಂದು ಇಡೀ ಸೆಮಿಸ್ಟರಿನ ಪಾಠ. ಆ ವರ್ಷ ಕೇಂದ್ರದ ಎಫ್‌ಆರ್‌ಪಿ, ಅಂದ್ರ ಫ್ಯಾಕ್ಟರಿ ರೈತಗ ಕೊಡ್ಲೇಬೇಕಾದ ಕನಿಷ್ಠ ರೇಟು, ಕ್ವಿಂಟಲ್‌ಗೆ 355 ರೂಪಾಯಿ (ಟನ್ನಿಗೆ 3550), ಅದು 10.25 ರಿಕವರಿಗೆ, ಅಂದ್ರ ನೂರು ಕಿಲೋ ಕಬ್ಬಿಗೆ 10.25 ಕಿಲೋ ಸಕ್ಕರಿ ಬಂದ್ರ, ಅದರಾಗ ಕಟಾವು ಸಾಗಾಣಿಕೆ ಖರ್ಚು ಮುರಕೊಂಡು ರೈತನ ಕೈಗೆ ಬರೂದೆಷ್ಟು, ಫ್ಯಾಕ್ಟರಿಗೆ ಸಕ್ಕರಿ ಬಿಟ್ಟು ಇಥೆನಾಲಿಂದ ಎಷ್ಟು? ಈ ಲೆಕ್ಕ ಎರಡೂ ಕಡಿಂದ ಬಿಡಿಸಿ ಹೇಳೋ ಎಂಬಿಎ ಹುಡುಗ ಹುಡುಗಿ ನಮಗ ಬೇಕಾಗ್ಯಾರ. ರಬಕವಿ ಬನಹಟ್ಟಿ ಮಗ್ಗ, ಇಳಕಲ್ಲ ಸೀರಿ, ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಇವನ್ನೂ ಹಿಂಗ ಓದಬೌದು.

ಅಹಮದಾಬಾದಿನ ಐಐಎಂ 1961ರಾಗ ಶುರುವಾದಾಗ ಹಾರ್ವರ್ಡಿನವ್ರ ಸಹಾಯ ತಗೊಂಡಿತ್ತು, ಆದ್ರ ಅಲ್ಲಿಗ ನಿಲ್ಲಲಿಲ್ಲ, ಕೃಷಿ ಮ್ಯಾನೇಜ್‌ಮೆಂಟಿಗೇ ಬ್ಯಾರೆ ಸೆಂಟರ್ ಮಾಡ್ತು. ನಮಗೂ ಮನಿ ಬಾಗಲಿಗೆ ಯೂನಿವರ್ಸಿಟಿ ಬಂದಾವಲ್ಲ. ವಿಜಯಪುರಕ್ಕ ಮಹಿಳಾ ವಿಶ್ವವಿದ್ಯಾಲಯ 2003ರಾಗ ಬಂತು, ಈಗ ಅಕ್ಕಮಹಾದೇವಿ ಹೆಸರು. ಬೆಳಗಾವಿಗೆ ರಾಣಿ ಚನ್ನಮ್ಮ 2010ರಾಗ. ಮೊದಲು ಇದಕ್ಕೆಲ್ಲಾ ಧಾರವಾಡದ ದಾರಿ ನೋಡ್ಬೇಕಿತ್ತು. ಇಲ್ಲಿ ಬರೋ ಹುಡುಗ್ರು ಬಹಳಷ್ಟು ಒಕ್ಕಲುತನದ ಮನಿಯವ್ರು, ನೇಕಾರರ ಮಕ್ಕಳು, ಕಿರಾಣಿ ಅಂಗಡಿ ಮಕ್ಕಳು. ವ್ಯಾಪಾರ ಹುಟ್ಟಿನಿಂದ ನೋಡ್ಯಾರ. ಕ್ಲಾಸಿನ್ಯಾಗ ಇಂಗ್ಲಿಷ್ ಬರಲಿಲ್ಲ ಅಂತ ಅವರ ಬಾಯಿ ಕಟ್ಟತೈತಿ, ದಡ್ಡರು ಅನ್ನಿಸ್ಕೊಂತಾರ. ಪರೀಕ್ಷೆ ಇಂಗ್ಲಿಷಿನ್ಯಾಗ ಇರ್ಲಿ ಬೇಕಾದ್ರ, ಚರ್ಚೆ ಕನ್ನಡದಾಗ ಮಾಡ್ರಿ, ಯಾರು ದಡ್ಡರು ಗೊತ್ತಾಗತೈತಿ.

ಮೇಷ್ಟ್ರ ಮ್ಯಾಲೆ ನಂಗ ಸಿಟ್ಟಿಲ್ಲ. ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ದುಡಿಯೋ ಮಂದಿಗೆ ಮುಂದಿನ ವರ್ಷ ಕೆಲಸ ಇರತೈತೋ ಇಲ್ಲೋ ಅನ್ನೋದೇ ಗೊತ್ತಿರೂದಿಲ್ಲ, ಅವ್ರಿಗೆ ಊರೂರು ತಿರುಗಿ ಅಲ್ಲಿನ ವ್ಯಾಪಾರದ ಮ್ಯಾಲೆ ಪಾಠಕ್ಕ ಕೇಸ್ ಸ್ಟಡಿ ಬರೀರಿ ಅನ್ನೋದು ಹೆಂಗ? ಖಾಯಂ ಪೋಸ್ಟ್ ತುಂಬ್ರಿ, ಫೀಲ್ಡಿಗೆ ಹೋಗೋ ಬಸ್ಸಿಗೆ ರೊಕ್ಕ ಕೊಡ್ರಿ. ಇದನ್ನ ಕೇಳ್ಬೇಕಾದವ್ರು ನಾವು, ಇಲ್ಲಿ ಕಲ್ತವ್ರು.

ತಂಗಿಗೆ ಮತ್ತ ಫೋನ್ ಮಾಡಿದೆ. ಸರ್ಕಾರಿ ಸೀಟೇ ತಗೋ, ಆದ್ರ ಪ್ರಾಜೆಕ್ಟ್ ಯಾರೋ ಕೊಟ್ಟದ್ದು ಮಾಡಬ್ಯಾಡ, ಕಾಕಾ ಮಾಲು ಮಾರಿದ ಹತ್ತು ವರ್ಷದ ಪಟ್ಟಿ ಚೀಟಿ ಎಲ್ಲಾ ಟ್ರಂಕಿನ್ಯಾಗ ಅದಾವ, ತಗದಿಡು ಅಂದೆ. "ಅದನ್ನ ಗೈಡ್ ಒಪ್ಪತಾರೇನಣ್ಣಾ?" ಅಂದ್ಲು. ಒಪ್ಪದಿದ್ರ ನಾ ಬಂದು ಮಾತಾಡ್ತೀನಿ ಅಂದೀನಿ.

ಇದನ್ನ ಓದೋ ಎಂಬಿಎ ಮೇಷ್ಟ್ರು ಯಾರಾರ ಇದ್ರ, ಮಾರ್ಚಿನ್ಯಾಗ ನಮ್ಮ ಶೆಡ್ಡಿನ್ಯಾಗ ಮನೂಕ ಉದುರ್ಸೋ ಕೆಲಸ ನಡದಿರತೈತಿ, ಹುಡುಗ್ರನ್ನ ಕರ್ಕೊಂಡ್ ಬರ್ರಿ. ಊಟ ನಮ್ಮದು. ಅವ್ವನ್ನ ಕೇಳೀನಿ, ವಹಿ ತೋರಸ್ತೀನಿ ಅಂದಾಳ.