ಯಾರೂ ನೋಡದಿದ್ದಾಗಲೂ ನಟಿಸುತ್ತಾನಾ?

ಆರು ತಿಂಗಳ ಹಿಂದೆ ಸ್ನೇಹಿತೆಯೊಬ್ಬಳು ಒಂದು ವಿಡಿಯೋ ಕಳಿಸಿದಳು. ಅವಳ ಎಂಟು ವರ್ಷದ ಮಗ ಸೋಫಾ ಮೇಲೆ ಹತ್ತಿ ನಿಂತು, ಹೆಗಲಿಗೆ ಟವೆಲ್ ಹಾಕಿಕೊಂಡು, ಸಿನಿಮಾ ಡೈಲಾಗ್ ಹೊಡೆಯುತ್ತಿದ್ದ. ಚೆನ್ನಾಗಿಯೇ ಹೊಡೆಯುತ್ತಿದ್ದ. ಜೊತೆಗೆ ಒಂದು ಮೆಸೇಜು: "ಇವನಿಗೆ ನಟನೆ ಅಂದ್ರೆ ಪ್ರಾಣ ಕಣೇ. ಮುಂದೇನು ಮಾಡಿಸಲಿ? ಯಾವ ಆಡಿಷನ್‌ಗೆ ಕರ್ಕೊಂಡು ಹೋಗಲಿ?"

ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. "ಯಾರೂ ನೋಡದಿದ್ದಾಗಲೂ ಹೀಗೇ ಮಾಡ್ತಾನಾ?"

ಅವಳಿಗೆ ಗೊತ್ತಿರಲಿಲ್ಲ. ಇರು, ನೋಡಿ ಹೇಳ್ತೀನಿ ಅಂದಳು. ಎರಡು ದಿನ ಬಿಟ್ಟು ಫೋನ್ ಬಂತು. ಒಬ್ಬನೇ ಇದ್ದಾಗ ಹುಡುಗ ಡೈಲಾಗ್ ಹೊಡೆಯುವುದೇ ಇಲ್ಲವಂತೆ. ದಿಂಬುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಒಂದೊಂದು ಪಾತ್ರ ಕೊಟ್ಟು, "ನೀನು ಈಗ ಅಳಬೇಕು, ನೀನು ಆಮೇಲೆ ಬರಬೇಕು" ಅಂತ ಗದರಿಸುತ್ತಾನಂತೆ!

ಸೋಫಾ ಮೇಲಿನ ಡೈಲಾಗ್ ಅಮ್ಮನ ಫೋನಿಗಾಗಿ. ದಿಂಬುಗಳ ನಾಟಕ ಅವನಿಗಾಗಿ.

ನಾವು 'ಮಗುವಿಗೆ ನಟನೆ ಇಷ್ಟ' ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಅದರೊಳಗೆ ಎಷ್ಟೊಂದು ಬೇರೆ ಬೇರೆ ಇಷ್ಟಗಳಿವೆ ನೋಡಿ. ಒಂದು ಮಗುವಿಗೆ ಕಿವಿ ಚುರುಕು, ಯಾರ ಮಾತನ್ನಾದರೂ ಹಾಗೇ ಅಣಕಿಸುತ್ತೆ. ಅದಕ್ಕೆ ಕಥೆಗಳನ್ನು ಗಟ್ಟಿಯಾಗಿ ಓದಿಸಿ, ಧ್ವನಿ ರೆಕಾರ್ಡ್ ಮಾಡಿ ಕೇಳಿಸಿ. ಇನ್ನೊಂದಕ್ಕೆ ವೇಷ ಹಾಕುವುದೇ ಖುಷಿ. ಮತ್ತೊಂದಕ್ಕೆ ಕಥೆ ಕಟ್ಟುವ ಹುಚ್ಚು. ಕೆಲವಕ್ಕೆ ಬರೀ ಚಪ್ಪಾಳೆ ಬೇಕು. ಅದೇನೂ ತಪ್ಪಲ್ಲ ಬಿಡಿ, ನಮಗೂ ಬೇಕಲ್ವಾ, ಇಲ್ಲದಿದ್ದರೆ ಇಲ್ಲಿ ಯಾಕೆ ಬರೀತಿದ್ವಿ? ಇನ್ನು ನಾಲ್ಕು ಜನರ ಮುಂದೆ ಬಾಯೇ ಬಿಡದ ಮಕ್ಕಳಲ್ಲೂ ನಟನೆಯ ಆಸೆ ಜೋರಾಗಿರುತ್ತೆ. ತಾನಾಗಿ ಮಾತಾಡಲು ನಾಚುವ ಮಗು ಬೇರೊಬ್ಬರಾಗಿ ಸಲೀಸಾಗಿ ಮಾತಾಡಬಲ್ಲದು. ಅಂಥ ಮಗುವನ್ನು ನೆಂಟರ ಮುಂದೆ ನಿಲ್ಲಿಸಿ "ಎಲ್ಲಿ, ಮಾಡಿ ತೋರಿಸು" ಅನ್ನುವುದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ.

ಹಾಗಾಗಿ ನನ್ನ ಮಟ್ಟಿಗೆ ಮುಂದಿನ ಹೆಜ್ಜೆ ಕ್ಯಾಮೆರಾ ಅಲ್ಲ, ಜೊತೆಗಾರರು. ವಾರಕ್ಕೊಮ್ಮೆ ಎಂಟು ಹತ್ತು ಮಕ್ಕಳು ಸೇರಿ ಆಡುವ ಒಂದು ಜಾಗ. ಅಲ್ಲಿಗೆ ಸೇರಿಸುವ ಮುಂಚೆ ಒಂದು ತರಗತಿ ಕೂತು ನೋಡಿ. ಮೇಷ್ಟ್ರು ಎಷ್ಟು ಹೊತ್ತು ಮಾತಾಡುತ್ತಾರೆ, ಮಕ್ಕಳು ಎಷ್ಟು ಹೊತ್ತು ಆಡುತ್ತಾರೆ? ಹಿಂದಿನ ಸಾಲಿನ ಮಗುವಿಗೂ ಏನಾದರೂ ಕೆಲಸ ಇದೆಯಾ? ಪ್ರತಿ ಸಲವೂ ಒಂದೇ ಮಗು ರಾಜನಾ? ವರ್ಷವಿಡೀ ವಾರ್ಷಿಕ ಪ್ರದರ್ಶನದ ಒಂದೇ ನಾಟಕದ ತಾಲೀಮು ನಡೆಸುವ ಕಡೆ ಮಕ್ಕಳು ಕಲಿಯುವುದು ಆ ನಾಟಕವನ್ನು ಅಷ್ಟೇ.

ಆಟದ ಮೂಲಕ ನಟನೆ ಅನ್ನುವುದು ಹೊಸ ಫ್ಯಾಷನ್ ಏನಲ್ಲ. ಅಮೆರಿಕದ ವಯೋಲಾ ಸ್ಪೋಲಿನ್ 1930ರ ದಶಕದ ಕೊನೆಯಲ್ಲಿ ಶಿಕಾಗೋದಲ್ಲಿ ವಲಸೆ ಬಂದವರಿಗೆ, ಅವರ ಮಕ್ಕಳಿಗೆ ನಾಟಕ ಕಲಿಸುತ್ತಿದ್ದರು. ಬೇರೆ ಬೇರೆ ಭಾಷೆಯ ಮನೆಗಳಿಂದ ಬಂದವರಿಗೆ ಪಾಠ ಹೇಳಿ ಪ್ರಯೋಜನ ಇರಲಿಲ್ಲ. ಆಟ ಆಡಿಸಿದರು. 1963ರಲ್ಲಿ ಆ ಆಟಗಳೆಲ್ಲ ಪುಸ್ತಕವಾಗಿ ಬಂದವು. ಇಬ್ಬರು ಎದುರುಬದುರು ನಿಂತು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕನ್ನಡಿಯಂತೆ ಮಾಡುವ ಆಟ ಅವುಗಳಲ್ಲೊಂದು. ನೋಡಲು ಏನೂ ಇಲ್ಲ ಅನ್ನಿಸುತ್ತೆ. ಆದರೆ ಎದುರಿಗಿರುವವರನ್ನು ಸರಿಯಾಗಿ ನೋಡದೆ ಅದನ್ನು ಆಡಲು ಆಗುವುದಿಲ್ಲ. ಮನೆಯಲ್ಲೇ ಆಡಿ ನೋಡಿ, ಎರಡು ನಿಮಿಷಕ್ಕೆ ದೊಡ್ಡವರು ಸುಸ್ತು.

ಈಗ ನನ್ನ ತಪ್ಪಿನ ಕಥೆ. ನನ್ನ ಮಗಳಿಗೆ ಒಂಬತ್ತು ವರ್ಷ ಇದ್ದಾಗ ಒಂದು ನಾಟಕದಲ್ಲಿ ಮುದುಕಿಯ ಪಾತ್ರ ಸಿಕ್ಕಿತು. ನಾನು ಉತ್ಸಾಹದಲ್ಲಿ ರಾತ್ರಿ ಕೂತು ಎಲ್ಲ ಮಾತುಗಳನ್ನೂ ಹೇಳಿಕೊಟ್ಟೆ. ಎಲ್ಲಿ ಎಳೆಯಬೇಕು, ಎಲ್ಲಿ ಕೆಮ್ಮಬೇಕು, ಎಲ್ಲಿ ಸೊಂಟಕ್ಕೆ ಕೈ ಇಡಬೇಕು, ಎಲ್ಲ. ಮರುದಿನ ತಾಲೀಮಿನಲ್ಲಿ ಅವಳು ಗಿಳಿಯಂತೆ ಒಪ್ಪಿಸಿದಳು. ನಿರ್ದೇಶಕರು ಅವಳಿಗೆ ಏನೂ ಹೇಳಲಿಲ್ಲ. ಹೊರಡುವಾಗ ನನ್ನ ಹತ್ತಿರ ಬಂದು, "ಧ್ವನಿ ನಿಮ್ದೇ ಅಲ್ವಾ ಮೇಡಂ?" ಅಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆ ರಾಗ ಹೋಗಲು ಮೂರು ವಾರ ಬೇಕಾಯಿತು. ಎದುರಿನ ಹುಡುಗ ಮಾತು ಮರೆತು ಬೇರೇನೋ ಅಂದರೂ ಇವಳು ನಾನು ಹೇಳಿಕೊಟ್ಟ ಕಡೆಯೇ ಕೆಮ್ಮುತ್ತಿದ್ದಳು. ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಆ ನಿರ್ದೇಶಕರು ಮಾಡಿದ್ದು ಇಷ್ಟೇ. ಪ್ರತಿ ಮಾತಿಗೂ ಮುಂಚೆ ಅವಳನ್ನು ಕೇಳುತ್ತಿದ್ದರು: "ಅಜ್ಜಿಗೆ ಈಗ ಏನು ಬೇಕು? ಯಾರಿಂದ ಬೇಕು?" ಒಂದು ದಿನ ಅವಳೇ ಹೇಳಿದಳು, "ಅಜ್ಜಿಗೆ ಬೈಬೇಕು ಅಂತ ಇಲ್ಲ ಸರ್, ಮೊಮ್ಮಗ ಇನ್ನೂ ಸ್ವಲ್ಪ ಹೊತ್ತು ಕೂರಲಿ ಅಂತ." ಆವತ್ತು ಅದೇ ಬೈಗುಳ ಬೇರೆಯೇ ಥರ ಕೇಳಿಸಿತು. ನನಗೆ ಆ ಅರ್ಥ ಹೊಳೆದೇ ಇರಲಿಲ್ಲ.

ಅವತ್ತಿನಿಂದ ನಾನು ಎದುರಿನ ಪಾತ್ರದ ಮಾತು ಓದುತ್ತೇನೆ, ಅದೂ ಸಪ್ಪೆಯಾಗಿ. ಉಳಿದದ್ದು ಅವಳ ಕೆಲಸ.

ಹಾಗಾದರೆ ಆಡಿಷನ್ ಬೇಡವೇ ಬೇಡವಾ? ಮಗು ತಾನಾಗಿ ಕೇಳಿದರೆ ಹೋಗಿ. ಆದರೆ ಹೋಗುವ ಮುಂಚೆಯೇ ಹೇಳಿಬಿಡಿ, ಆಯ್ಕೆ ಅನ್ನುವುದು ಬರೀ ನಟನೆಯ ಮೇಲೆ ನಡೆಯುವುದಿಲ್ಲ ಅಂತ. ಎತ್ತರ ನೋಡುತ್ತಾರೆ, ಅಪ್ಪನ ಪಾತ್ರದವರಿಗೆ ಮುಖ ಹೊಂದುತ್ತಾ ಅಂತ ನೋಡುತ್ತಾರೆ. ಮನೆಯಿಂದ ವಿಡಿಯೋ ಕಳಿಸಬೇಕಾದರೆ ಖಾಲಿ ಗೋಡೆ, ಮುಖದ ಮೇಲೆ ಕಿಟಕಿಯ ಬೆಳಕು, ಕಣ್ಣಿನ ಎತ್ತರಕ್ಕೆ ಫೋನ್, ಇಷ್ಟು ಸಾಕು. ದುಬಾರಿ ಫೋಟೋ ಆಲ್ಬಂ ಮಾಡಿಸಬೇಡಿ. ಮಕ್ಕಳ ಮುಖ ಆರು ತಿಂಗಳಿಗೇ ಬದಲಾಗುತ್ತೆ. ಮೊದಲೇ ದುಡ್ಡು ಕಟ್ಟಿ, ಪಾತ್ರ ಗ್ಯಾರಂಟಿ ಅನ್ನುವವರಿಗೆ ದೂರದಿಂದಲೇ ನಮಸ್ಕಾರ. ಸರಿಯಾದ ಏಜೆಂಟ್ ದುಡ್ಡು ತಗೊಳ್ಳುವುದು ಮಗುವಿಗೆ ಕೆಲಸ ಸಿಕ್ಕ ಮೇಲೆ, ಅದರ ಸಂಭಾವನೆಯ ಪಾಲಿನಿಂದ. ತಂದೆತಾಯಿ ಹೊರಗಿರಬೇಕು, ಮಗು ಕಣ್ಣಿಗೂ ಬೀಳಬಾರದು ಅಂದರೆ ಅಲ್ಲಿಂದ ಎದ್ದು ಬನ್ನಿ.

ಸಂಭಾವನೆ ಅಂದಾಗ ಜಾಕಿ ಕೂಗನ್ ನೆನಪಾಗುತ್ತಾನೆ. 1921ರಲ್ಲಿ ಚಾಪ್ಲಿನ್ ಜೊತೆ ತೆರೆ ಮೇಲೆ ಬಂದು ಜಗತ್ತನ್ನೇ ಅಳಿಸಿದ ಪುಟ್ಟ ಹುಡುಗ. ಲಕ್ಷಾಂತರ ಡಾಲರ್ ಗಳಿಸಿದ. ದೊಡ್ಡವನಾಗಿ ನೋಡಿದರೆ ಬಹುಪಾಲು ಕರಗಿತ್ತು. 1938ರಲ್ಲಿ ಸ್ವಂತ ತಾಯಿ, ಮಲತಂದೆಯ ಮೇಲೆ ಕೇಸು ಹಾಕಬೇಕಾಯಿತು. ಆಗಿನ ಕಾನೂನಿನಲ್ಲಿ ಮಗುವಿನ ಗಳಿಕೆ ಹೆತ್ತವರದ್ದೇ! ಆ ಗಲಾಟೆಯಿಂದಾಗಿ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವನ ಹೆಸರಿನ ಕಾನೂನು ಬಂತು. ಈಗ ಅಲ್ಲಿ ಮಗುವಿನ ಗಳಿಕೆಯಲ್ಲಿ ಶೇ. 15ರಷ್ಟನ್ನಾದರೂ ಯಾರೂ ಮುಟ್ಟದಂತೆ ಅದರ ಹೆಸರಲ್ಲಿ ಇಡಲೇಬೇಕು. ನನ್ನನ್ನು ಕೇಳಿದರೆ ಅದು ತೀರಾ ಕಮ್ಮಿ. ಕೆಲಸ ಮಗುವಿನದು, ಪೂರ್ತಿ ದುಡ್ಡನ್ನೂ ಯಾಕೆ ಹಾಗೇ ಎತ್ತಿಡಬಾರದು?

ದಿಂಬಿನ ಹುಡುಗ ಈಗ ಒಂದು ಮಕ್ಕಳ ತಂಡ ಸೇರಿದ್ದಾನೆ. ಮೊದಲ ನಾಟಕದಲ್ಲಿ ಅವನಿಗೆ ಸಿಕ್ಕಿದ್ದು ಬಾಗಿಲಿನ ಪಾತ್ರ. ಹೌದು, ಬಾಗಿಲು. ಮಾತೇ ಇಲ್ಲ. ಸ್ನೇಹಿತೆಗೆ ತುಂಬಾ ಬೇಜಾರು, ಹೋಗಿ ಕೇಳಲಾ ಅಂತ ನನ್ನನ್ನು ಕೇಳಿದಳು. ಬೇಡ, ಸುಮ್ನಿರು ಅಂದೆ.

ನಿನ್ನೆ ಮತ್ತೆ ಫೋನ್ ಮಾಡಿದ್ದಳು. ಮಗ ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಅರ್ಧ ಗಂಟೆಯಿಂದ ಕಿರ್ರ್ ಅಂತಿದ್ದಾನಂತೆ. ಕಳ್ಳ ತೆಗೆದರೆ ಒಂದು ಥರ, ಅಜ್ಜಿ ತೆಗೆದರೆ ಇನ್ನೊಂದು ಥರ.