ಗೇಟಿನಲ್ಲಿ ಅಮ್ಮನ ಫೋಟೋ

ಮೊನ್ನೆ ಹಾಸನದಿಂದ ಅಮ್ಮ ಬಂದರು. ಒಂದು ಕೈಯಲ್ಲಿ ಬಟ್ಟೆ ಚೀಲ, ಇನ್ನೊಂದರಲ್ಲಿ ಹಲಸಿನ ಹಪ್ಪಳದ ಡಬ್ಬ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವನು ತಡೆದು, "ಅಜ್ಜಿ, ಸ್ವಲ್ಪ ಈ ಕಡೆ ನೋಡಿ" ಅಂತ ಫೋಟೋ ತೆಗೆದ. ಫೋನ್ ನಂಬರೂ ಬರೆದುಕೊಂಡ. ಪಾಪ, ಅಮ್ಮ ಸೆರಗು ಸರಿಮಾಡಿಕೊಂಡು ನಕ್ಕಿದ್ದಾರೆ! ಆ ಫೋಟೋ ನನ್ನ ಮೊಬೈಲಿಗೆ ಬಂತು. 'ವಿಸಿಟರ್ ಬಂದಿದ್ದಾರೆ, ಒಳಗೆ ಬಿಡಬಹುದೇ?' ಹೆತ್ತ ತಾಯಿಗೆ ನಾನು ಪರ್ಮಿಷನ್ ಕೊಡಬೇಕು.

ಆ ಫೋಟೋ ಎಲ್ಲಿ ಇಡುತ್ತೀರಿ, ಎಷ್ಟು ದಿನ ಇಡುತ್ತೀರಿ ಅಂತ ಸೆಕ್ರೆಟರಿಯನ್ನು ಕೇಳಿದೆ. "ಎಲ್ಲಾ ಸೇಫ್ಟಿಗೆ ಸಾರ್" ಅಂದರು. ಕೇಳಿದ್ದೇನು, ಹೇಳಿದ್ದೇನು! ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಕೇಸು ಹಾಕಿದ್ದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. (ಅದು ಸರ್ಕಾರದ ವಿರುದ್ಧದ ಕೇಸು ಕಣೋ, ಗೇಟಿಗೂ ಅದಕ್ಕೂ ಏನು ಸಂಬಂಧ ಅಂತಾರೆ ನಮ್ಮ ಭಾವ. ಇರಲಿ.)

ಮಾರನೇ ದಿನ ಅಮ್ಮ ಬಾಗಿಲ ಮುಂದೆ ಏಳು ಚುಕ್ಕಿಯ ರಂಗೋಲಿ ಹಾಕಿದ್ದರು. ಹತ್ತು ಗಂಟೆಗೆ ಮೆಸೇಜು: ಕಾರಿಡಾರಿನ ಡಿಸೈನ್ ಹಾಳಾಗುತ್ತದೆ, ದಯವಿಟ್ಟು ಒರೆಸಿ. ಬೂದು ಗೋಡೆ, ಬೂದು ಟೈಲ್ಸು, ಬೂದು ಬಾಗಿಲು. ಅದು ಡಿಸೈನಂತೆ!

ನಾನು ಒರೆಸಲಿಲ್ಲ. ಅಮ್ಮ ಇವತ್ತು ಒಂಬತ್ತು ಚುಕ್ಕಿ ಇಟ್ಟಿದ್ದಾರೆ.